ಕಟೋಮದ ಫೋನು ಸರಿಯಿದೆ

ಕಟೋಮದ ಸಾರ್ವಜನಿಕ ಟೆಲಿಫೋನಿಗೆ ಬದುಕಿದ್ದಾಗ ಸಿಗದ ಮರ್ಯಾದೆ ಸತ್ತ ಮೇಲೆ ಸಿಕ್ಕಿತು. ಬದುಕಿದ್ದಾಗ ಜನ ಅದರ ಹೊಟ್ಟೆಗೆ ಗುದ್ದುತ್ತಿದ್ದರು, ನಾಣ್ಯ ನುಂಗಿತೆಂದು ಅದರ ವಂಶವನ್ನೆಲ್ಲ ಶಪಿಸುತ್ತಿದ್ದರು. ಸತ್ತ ಮೇಲೆ, ಸಂತೆಬಯಲಿನ ಮಾವಿನ ಮರದಡಿ ನಿಂತ ಆ ನೀಲಿ ಗೂಡಿನ ಮುಂದೆ ಹಾಯುವಾಗ ನಿಟ್ಟುಸಿರು ಬಿಡದೆ ಯಾರೂ ಮುಂದಕ್ಕೆ ಹೋಗುತ್ತಿರಲಿಲ್ಲ.

ಮರುಗದೆ ಏನು ಮಾಡಿಯಾರು? ಮುಂದೆ ಮಲಾವಿ ಸರೋವರ, ಹಿಂದೆ ಗುಡ್ಡ, ನಡುವೆ ಊರು. ಗಟ್ಟಿಮುಟ್ಟಾದ ಗಂಡಸರೆಲ್ಲ ಜೋಹಾನ್ಸ್‌ಬರ್ಗಿನ ಗಣಿಗಳಲ್ಲಿ. ಭಾನುವಾರ ಚರ್ಚು ಬಿಟ್ಟ ಮೇಲೆ ಅವರು ಅಲ್ಲಿಂದ ಫೋನು ಮಾಡುತ್ತಿದ್ದರು. ಮರದಡಿ ಕೂತ ಹೆಂಗಸರು ಒಬ್ಬೊಬ್ಬರಾಗಿ ಎದ್ದುಹೋಗಿ ಮಾತಾಡುತ್ತಿದ್ದರು. ಹುಟ್ಟಿದ ಮಗುವಿಗೆ ಹೆಸರು, ಅತ್ತೆಯ ಮೇಲಿನ ದೂರು, ಸೂರಿಗೆ ಹುಲ್ಲೋ ತಗಡೋ ಎಂಬ ತೀರ್ಮಾನ, ಎಲ್ಲವೂ ಆ ಗೂಡಿನಲ್ಲೇ ಆಗುತ್ತಿತ್ತು. ಒಂದು ಮಳೆಗಾಲದಲ್ಲಿ ಫೋನು ಮೂಕವಾಯಿತು. ಊರ ಮುಖ್ಯಸ್ಥರು ಗುಡ್ಡ ಹತ್ತಿ ಲುಸಂಗಾ ಪಟ್ಟಣದ ಟೆಲಿಫೋನ್ ಕಚೇರಿಗೆ ಹೋಗಿ ದೂರು ಹೇಳಿದರು.

"ಕಟೋಮದ ಫೋನು ಸರಿಯಿದೆ," ಎಂದಿತು ಕಚೇರಿ.

ಮತ್ತೆ ಹೋದರು. "ಸರಿಯಿದೆ ಅಂತ ಹೋದ ಸಲಾನೇ ಹೇಳಿದೀವಲ್ಲ," ಎಂದಿತು. ಆಮೇಲೊಂದು ಸಲ ಮುಖ್ಯಸ್ಥರು ಮೇಜು ಗುದ್ದಿ ಕೂಗಾಡಿದಾಗ ಕಚೇರಿಗೂ ಸಿಟ್ಟು ಬಂತು. "ಕೆಟ್ಟಿದ್ದೇ ನಿಜ ಆಗಿದ್ರೆ ಒಂದು ಫೋನ್ ಮಾಡಿ ತಿಳಿಸೋಕೆ ನಿಮಗೇನಾಗಿತ್ತು?"

ಈ ಉತ್ತರ ಕೇಳಿ ಇಡೀ ಊರು ಉರಿದುಬಿದ್ದಿತು. ಹೆಜ್ರಾನ್ ಲೊಂಗ್ವೆ ಮಾತ್ರ ಒಂದು ಹಿಡಿ ಹೆಚ್ಚಾಗಿಯೇ ಉರಿದ. ಅವನು ಮೀನುಗಾರಿಕೆ ಇಲಾಖೆಯ ನಿವೃತ್ತ ಕಿರಿಯ ಗುಮಾಸ್ತ. ಹಲ್ಲಿಯೂ ನೆರಳು ಹುಡುಕುವ ಸೆಕೆಯಲ್ಲಿ ಕೋಟು ಬಿಚ್ಚದ ಮನುಷ್ಯ. ಅವನ ಸೇವೆಯೆಲ್ಲ ಸಾಹೇಬರ ಕೋಣೆಯ ಹೊರಗಿನ ಸ್ಟೂಲಿನ ಮೇಲೆ ಕಳೆದಿತ್ತು. ಒಳಗೆ ಸಾಹೇಬರು ಫೋನಿನಲ್ಲಿ ಕೆಮ್ಮುವುದು, ಗದರುವುದು, ದೊಡ್ಡವರೊಡನೆ ಸಣ್ಣಗೆ ನಗುವುದು, ಇವೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಅಷ್ಟು ವರ್ಷಗಳಲ್ಲಿ ಒಬ್ಬನೇ ಒಬ್ಬ ಬಾಗಿಲಿಂದ ಕತ್ತು ಚಾಚಿ, 'ಲೊಂಗ್ವೆ, ನಿಮಗೆ ಫೋನು' ಎಂದಿರಲಿಲ್ಲ. ಇಂಥ ಮನುಷ್ಯನ ಊರಿಗೆ ಫೋನು ಬಂದು, ಬಂದದ್ದು ಸತ್ತರೆ, ಅದು ಸಾರ್ವಜನಿಕ ನಷ್ಟ ಹೇಗಾದೀತು? ಅದು ಅವನ ಖಾಸಗಿ ನಷ್ಟವೇ.

ಆ ದಿನಗಳಲ್ಲಿ ಚರ್ಚಿನ ಹಿರಿಯ ಯೋತಮ್ ಮ್ಹೊನೆಯವರು ಚರ್ಚಿಗೆ ಹೊಸ ಗೋಡೆ ಕಟ್ಟಿಸುತ್ತಿದ್ದರು. ಸರೋವರದ ದಡದ ಇಟ್ಟಿಗೆ ಭಟ್ಟಿಯಿಂದ ಇಟ್ಟಿಗೆ ಹೊರುವುದು ಊರಿನಲ್ಲಿ ಉಳಿದ ಗಂಡಸರ ಪಾಲಿನ ಕೆಲಸ. ಲೊಂಗ್ವೆ ಬೆನ್ನುನೋವೆಂದು ಹೇಳಿ ತಪ್ಪಿಸಿಕೊಂಡಿದ್ದ. ಹೇಳುವಾಗ ಎಷ್ಟು ಚೆನ್ನಾಗಿ ನರಳಿದ್ದನೆಂದರೆ ಹಿರಿಯರು ಅಲ್ಲೇ ನಿಂತು ಅವನ ಬೆನ್ನಿಗಾಗಿ ಪ್ರಾರ್ಥನೆ ಮಾಡಿದ್ದರು. ಅಂಥ ಬೆನ್ನಿನ ಮೇಲೆ ಒಣಗಿದ ಕಸಾವಾ ಗೆಣಸಿನ ಮೂಟೆ ಹೊತ್ತುಕೊಂಡು ಲೊಂಗ್ವೆ ಸಂತೆಬಯಲು ದಾಟುತ್ತಿದ್ದಾಗ, ಎದುರಿನ ತಿರುವಿನಲ್ಲಿ ಹಿರಿಯರ ಟೊಪ್ಪಿ ಕಾಣಿಸಿತು.

ಮೂಟೆಯನ್ನು ಫೋನಿನ ಗೂಡಿನ ಹಿಂದೆ ಎಸೆದ. ತಾನು ಗೂಡಿನೊಳಗೆ ನುಗ್ಗಿದ. ನುಗ್ಗಿದವನು ಸುಮ್ಮನೆ ನಿಂತರೆ ಅನುಮಾನ ಬಾರದೆ ಇರುತ್ತದೆಯೇ? ರಿಸೀವರು ಎತ್ತಿ ಕಿವಿಗೆ ಒತ್ತಿಕೊಂಡ.

ಹಿರಿಯರು ಕಂಡರು. ನಿಂತರು. ಫೋನಿನಲ್ಲಿರುವವನಿಗೆ ತೊಂದರೆ ಕೊಡಬಾರದೆಂದು ಟೊಪ್ಪಿ ತೆಗೆದು ಎದೆಗೆ ಹಿಡಿದು, ಸಾವಿನ ಮನೆಯ ಮುಂದೆ ನಿಂತವರಂತೆ ನಿಂತೇಬಿಟ್ಟರು.

ಇನ್ನು ಮಾತಾಡದೆ ವಿಧಿಯಿರಲಿಲ್ಲ. ಲೊಂಗ್ವೆ ಹಳೆಯ ಸಾಹೇಬರ ಹಾಗೆ ಗಂಟಲು ಸರಿಮಾಡಿಕೊಂಡ. "ಹಲೋ... ಹಾಂ, ಲೊಂಗ್ವೆ ಮಾತಾಡ್ತಿರೋದು. ಯಾರು, ರಾಜಧಾನಿಯಿಂದಲಾ, ಲಿಲಾಂಗ್ವೆಯಿಂದಲಾ? ಮಂತ್ರಿಗಳ ಕಚೇರೀನಾ? ಕೊಡಿ, ಕೊಡಿ... ನಮಸ್ಕಾರ ಸಾರ್! ಛೆ ಛೆ, ತೊಂದ್ರೆ ಏನು ಬಂತು ಸಾರ್, ನಿಮ್ಮ ಜತೆ ಮಾತಾಡೋಕೆ..." ಓರೆಗಣ್ಣಿನಲ್ಲಿ ನೋಡಿದ. ಹಿರಿಯರು ಕದಲಿರಲಿಲ್ಲ. ಮಾತು ಮುಂದುವರಿಯಿತು. ಮಂತ್ರಿಗಳ ಮಂಡಿನೋವು ವಿಚಾರಿಸಿದ. ರಸ್ತೆಯ ಬಗ್ಗೆ ಸಲಹೆ ಕೊಟ್ಟ. ಮೀನಿನ ಬೆಲೆಯ ಬಗ್ಗೆ ಮಂತ್ರಿಗಳನ್ನು ಸ್ವಲ್ಪ ಗದರಿದ. ಕೊನೆಗೆ ಹೇಳಲು ಏನೂ ಉಳಿಯದೆ, ಕೋಟಿನೊಳಗೆ ಬೆವರಿನ ಹೊಳೆ ಹರಿದು, ಫೋನು ಇಟ್ಟು ಹೊರಗೆ ಬಂದ.

"ಲೊಂಗ್ವೆ," ಎಂದರು ಹಿರಿಯರು ಪಿಸುದನಿಯಲ್ಲಿ, "ಫೋನು ಎದ್ದು ಕೂತಿತೇನಪ್ಪಾ?"

ಇಲ್ಲ ಎನ್ನಲು ಒಂದೇ ಮಾತು ಸಾಕಿತ್ತು. ಆದರೆ ಹಿರಿಯರ ಟೊಪ್ಪಿ ಇನ್ನೂ ಎದೆಯ ಮೇಲಿತ್ತು. ಲೊಂಗ್ವೆಯ ಮುಂದೆ ಜೀವಮಾನದಲ್ಲಿ ಯಾರೂ ಟೊಪ್ಪಿ ತೆಗೆದಿರಲಿಲ್ಲ.

"ಕೂರಿಸಿದೆ," ಅಂದ.

"ಯಾರು, ನೀನಾ?"

"ಲಿಲಾಂಗ್ವೆಲಿ ನಮ್ಮೋರು ಇದಾರೆ. ಒಂದು ಮಾತು ಹಾಕ್ದೆ."

ಹಿರಿಯರು ಇಟ್ಟಿಗೆ ಮರೆತರು, ಬೆನ್ನು ಮರೆತರು. ಟೊಪ್ಪಿಯನ್ನೂ ಹಾಕಿಕೊಳ್ಳದೆ ಚರ್ಚಿನ ಗಂಟೆ ಬಾರಿಸಲು ಓಡಿದರು.

ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿದರೆ ಕಟೋಮದಲ್ಲಿ ಎರಡೇ ಅರ್ಥ: ಯಾರೋ ಸತ್ತಿದ್ದಾರೆ, ಇಲ್ಲವೇ ಯಾರದೋ ಮನೆಗೆ ಬೆಂಕಿ ಬಿದ್ದಿದೆ. ಜನ ನೀರಿನ ಕೊಡಗಳೊಡನೆ ಓಡಿಬಂದರು. ಸತ್ತಿದ್ದು ಎದ್ದಿದೆ ಎಂದು ತಿಳಿದಾಗ ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದ್ದು ಸರೋವರದ ದೋಣಿಗಳವರೆಗೆ ಕೇಳಿಸಿತು. ಎಲ್ಲರಿಗಿಂತ ಮೊದಲು ಗೂಡಿಗೆ ನುಗ್ಗಿದವಳು ನ್ಯಾಗೊಂಡ್ವೆ. ಬೆನ್ನಿಗೆ ಕಟ್ಟಿದ ಮಗು, ಕೈತುಂಬ ಹಿಟ್ಟು. ರಿಸೀವರು ಕಿವಿಗಿಟ್ಟುಕೊಂಡಳು. ಅಲುಗಾಡಿಸಿದಳು. ಇನ್ನೊಂದು ಕಿವಿಗಿಟ್ಟುಕೊಂಡಳು.

"ಇದರೊಳಗೆ ಗಾಳಿ ಕೂಡ ಇಲ್ವಲ್ಲ ಲೊಂಗ್ವೆ ಅಣ್ಣ?"

ಇಡೀ ಬಯಲು ಲೊಂಗ್ವೆಯ ಕಡೆ ತಿರುಗಿತು.

"ನೋಡಮ್ಮ," ಎಂದ ಅವನು, ಕೋಟಿನ ಗುಂಡಿ ಹಾಕಿಕೊಳ್ಳುತ್ತ. "ಮಲೇರಿಯಾದಿಂದ ಎದ್ದೋನಿಗೆ ಎದ್ದ ದಿನಾನೇ ಕಸಾವಾ ಮುದ್ದೆ ಇಕ್ತೀಯಾ?"

"ಇಲ್ಲ, ಗಂಜಿ ಕೊಡ್ತೀನಿ."

"ಇದಕ್ಕೂ ಹಾಗೇನೇ. ಎಷ್ಟು ದಿನದಿಂದ ಮಲಗಿತ್ತು! ಈಗ ತಾನೇ ಒಂದು ಮಾತಾಡಿದೆ. ಸುಸ್ತಾಗಿದೆ."

"ನಿಮ್ಮ ಹತ್ರ ಅಷ್ಟು ಹೊತ್ತು ಮಾತಾಡ್ತಂತೆ?" ಎಂದು ಗುಂಪಿನಿಂದ ಮೀನು ಮಾರುವವಳೊಬ್ಬಳು ಕೇಳಿದಳು.

"ನಂದು ಅದರದು ಪರಿಚಯ ಇದೆ," ಎಂದ ಲೊಂಗ್ವೆ.

ಇಂಥ ಉತ್ತರವನ್ನು ಜನ ನಂಬುತ್ತಾರೆಯೇ ಎಂದು ಕೇಳಬೇಡಿ. 'ಕೆಟ್ಟಿದ್ದರೆ ಫೋನ್ ಮಾಡಿ ತಿಳಿಸಿ' ಎಂಬ ಮಾತನ್ನು ಸರ್ಕಾರಿ ಕಚೇರಿಯಿಂದ ಕೇಳಿಸಿಕೊಂಡ ಜನ ಆಮೇಲೆ ಏನನ್ನು ಬೇಕಾದರೂ ನಂಬುತ್ತಾರೆ. ಸಂಜೆಯ ಹೊತ್ತಿಗೆ ಲೊಂಗ್ವೆಯ ಅಂಗಳಕ್ಕೆ ಒಂದು ಬುಟ್ಟಿ ಒಣಮೀನು, ಬಾಳೆಗೊನೆ, ಒಂದು ಕುಂಟು ಹುಂಜ ಬಂದುಬಿದ್ದವು. ಅವನ ಹೆಂಡತಿ ಎಸ್ನಾತಿ ಹುಂಜವನ್ನು ರೆಕ್ಕೆ ಹಿಡಿದೆತ್ತಿ, ಗಂಡನನ್ನೂ ಹಾಗೆಯೇ ಎತ್ತುವವಳಂತೆ ನೋಡಿದಳು.

"ಹಿಲ್ಡನ ಅಪ್ಪ, ನನ್ನ ಮುಖ ನೋಡಿ ಹೇಳಿ. ಲಿಲಾಂಗ್ವೆಲಿ ನಮ್ಮೋರು ಯಾರಿದಾರೆ?"

"ಇದಾರೆ."

"ಯಾರು?"

"ಹಿಲ್ಡ."

"ಹಿಲ್ಡ ಅಲ್ಲಿ ಬಸ್ ಸ್ಟ್ಯಾಂಡಲ್ಲಿ ಬೇಯಿಸಿದ ಮೊಟ್ಟೆ ಮಾರ್ತಾಳೆ!"

"ಮಂತ್ರಿಗಳು ಮೊಟ್ಟೆ ತಿನ್ನಲ್ವಾ?"

ಎಸ್ನಾತಿ ಹುಂಜವನ್ನು ಕೆಳಗೆ ಬಿಟ್ಟಳು. "ಬೆಳಿಗ್ಗೆ ಎದ್ದು ಊರಿಗೆ ನಿಜ ಹೇಳಿ. ಇಲ್ದಿದ್ರೆ ನಾನು ಹೇಳ್ತೀನಿ."

"ಹೇಳ್ತೀನಿ ಮಾರಾಯ್ತಿ, ಹೇಳ್ತೀನಿ."

ಹೇಳುವವನೇ ಇದ್ದ. ಆದರೆ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಹೊರಗೆ ನ್ಯಾಗೊಂಡ್ವೆ ಕೂತಿದ್ದಳು. ಅವಳ ಗಂಡ ಬ್ರೈಟ್ಸನ್‌ನಿಂದ ಸುದ್ದಿ ಬಂದು ಒಂದು ಮಳೆಗಾಲ ಕಳೆದಿತ್ತು. ಗಣಿ ಕುಸಿದು ಸತ್ತನೆಂದು ಕೆಲವರು, ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡನೆಂದು ಹಲವರು. ಅವಳನ್ನೂ ಮಕ್ಕಳನ್ನೂ ತವರಿಗೆ ಕರೆದೊಯ್ಯಲು ಅವಳ ಅಣ್ಣ ಬಂದು ಕೂತಿದ್ದ. ಪಾತ್ರೆಪಡಗ ಆಗಲೇ ಗಂಟು ಕಟ್ಟಿಯಾಗಿತ್ತು.

"ನಾನು ಮಾತಾಡಬೇಕು ಅನ್ನಲ್ಲ ಅಣ್ಣ," ಎಂದಳು. "ಅದು ನಿಮ್ಮ ಮಾತು ಕೇಳುತ್ತಂತಲ್ಲ. ನೀವೇ ಕೇಳಿ. ಬದುಕಿದಾನಾ ಅಷ್ಟೇ. ಬದುಕಿದ್ರೆ ನಾನು ಕಾಯ್ತೀನಿ. ಇಲ್ದಿದ್ರೆ ಅಣ್ಣನ ಜತೆ ಹೋಗ್ತೀನಿ."

'ಲೈನು ಸಿಗಲಿಲ್ಲ' ಎಂದು ಹೇಳಿಬಿಡುವುದು ಎಂದು ದಾರಿಯುದ್ದಕ್ಕೂ ಲೊಂಗ್ವೆ ನಿಶ್ಚಯ ಮಾಡಿಕೊಂಡ. ಗೂಡಿಗೆ ಹೊಕ್ಕ. ನಂಬರು ತಿರುಗಿಸಿದ. ರಿಸೀವರಿನೊಳಗೆ ಬಾವಿಯ ತಳದಂಥ ಮೌನ. ಗಾಜಿನಾಚೆ ನ್ಯಾಗೊಂಡ್ವೆ ಉಸಿರು ಹಿಡಿದು ನಿಂತಿದ್ದಳು. ಅವಳ ಮಗು ಕೂಡ, ತಾಯಿಯ ಹೆಗಲ ಮೇಲಿಂದ ಇಣುಕಿ, ಉಸಿರು ಹಿಡಿದಂತಿತ್ತು. ಲೊಂಗ್ವೆ ಹೊರಗೆ ಬಂದು ಬಾಯಿ ತೆರೆದ. ಲೈನು ಸಿಗಲಿಲ್ಲ ಎಂಬ ಮಾತು ನಾಲಿಗೆಯವರೆಗೂ ಬಂದು ಅಲ್ಲಿ ಕಾಲು ಜಾರಿತು.

"ಬದುಕಿದಾನೆ," ಎಂದುಬಿಟ್ಟ.

ಅವಳು ನೆಲಕ್ಕೆ ಕುಸಿದಳು. ಆಗಲಾದರೂ ಅವನು ಬಾಯಿ ಮುಚ್ಚಬಹುದಿತ್ತು. "ಕ್ರಿಸ್ಮಸ್‌ಗೆ ಬರ್ತಾನಂತೆ," ಎಂದು ಸೇರಿಸಿದ.

ಅಣ್ಣ ಬಂದ ದಾರಿಗೆ ಸುಂಕವಿಲ್ಲದಂತೆ ಹಿಂತಿರುಗಿದ. ಗಂಟು ಬಿಚ್ಚಿತು. ಇಂಥ ಸುದ್ದಿಗೆ ಕಾಲು ಬೇಕೇ? ಮಧ್ಯಾಹ್ನದ ಹೊತ್ತಿಗೆ ಲೊಂಗ್ವೆಯ ಮನೆಯ ಮುಂದೆ ಊರಿನ ಅರ್ಧ ಹೆಂಗಸರು ಸಾಲುಗಟ್ಟಿದ್ದರು. ಅವನು ಫೋನಿಗೆ ಜ್ವರ ಮರುಕಳಿಸಿದೆಯೆಂದು ಸಾರಿ, ಗೂಡಿನ ಬಾಗಿಲಿಗೆ ಹಗ್ಗ ಬಿಗಿದು, ಮನೆಯೊಳಗೆ ಹೋಗಿ ಮುಸುಕೆಳೆದು ಮಲಗಿದ. ಎಸ್ನಾತಿ ಅವನ ಜತೆ ಮಾತು ಬಿಟ್ಟಳು. ಬೇರೆ ಯಾರಿಗೂ ನಿಜ ಹೇಳಲೂ ಇಲ್ಲ. ನ್ಯಾಗೊಂಡ್ವೆಯ ಮುಖ ನೋಡಿದ ಮೇಲೆ ಅವಳಿಗೂ ಬಾಯಿ ಬರಲಿಲ್ಲ.

ಸುದ್ದಿ ಗುಡ್ಡ ಹತ್ತಿತು. ಒಂದು ದಿನ ಬೆಳಿಗ್ಗೆ ಧೂಳೆಬ್ಬಿಸಿಕೊಂಡು ಟೆಲಿಫೋನ್ ಕಚೇರಿಯ ಜೀಪು ಬಂತು. ಅದರಿಂದ ಲುಸಂಗಾದ ದೊಡ್ಡ ಅಧಿಕಾರಿ ಚುಂಗಾ ಸಾಹೇಬರು ಇಳಿದರು. ದೂರು ಕೊಟ್ಟು ಕೊಟ್ಟು ಚಪ್ಪಲಿ ಸವೆಯುವವರೆಗೆ ಒಮ್ಮೆಯೂ ಬಾರದ ಮನುಷ್ಯ, ಫೋನು ಸರಿಯಿದೆ ಎಂಬ ಸುದ್ದಿ ಕೇಳಿ ಓಡೋಡಿ ಬಂದಿದ್ದರು! ಮಾವಿನ ಮರದಡಿ ಊರೆಲ್ಲ ಸೇರಿತು. ಸಾಹೇಬರಿಗೆ ಹುರಿದ ಮೀನು, ಮುದ್ದೆಯ ಸತ್ಕಾರವಾಯಿತು. ಕೈ ತೊಳೆದು ಎದ್ದು ನಿಂತರು.

"ಮಹಾಜನರೇ! ನಿಮ್ಮ ಮುಖ್ಯಸ್ಥರು ನಮ್ಮ ಕಚೇರಿಯ ಮೇಲೆ ಏನೇನೋ ಹೇಳಿಕೊಂಡು ಓಡಾಡಿದ್ರು. ನಾವು ಮೊದಲಿಂದಲೂ ಏನು ಹೇಳ್ತಾ ಬಂದಿದೀವಿ?"

ಉತ್ತರವನ್ನೂ ಸಾಹೇಬರೇ ಕೊಟ್ಟರು.

"ಸರಿಯಿದೆ ಅಂತ ಹೇಳ್ತಾ ಬಂದಿದೀವಿ! ಈ ಪ್ರಾಂತ್ಯದಲ್ಲಿ ಎಷ್ಟು ಸಾರ್ವಜನಿಕ ಫೋನುಗಳಿವೆಯೋ ಅಷ್ಟೂ ಸರಿಯಿವೆ. ಫೋನು ಕೆಡೋದಿಲ್ಲ, ಕೆಡೋದು ಜನರ ಮನಸ್ಸು. ಇದಕ್ಕೆ ಸಾಕ್ಷಿ, ಇಗೋ, ನಿಮ್ಮೋರೇ, ವಿದ್ಯಾವಂತರು, ಮಾಜಿ ಸರ್ಕಾರಿ ನೌಕರರು, ಶ್ರೀ ಲೊಂಗ್ವೆ!" ಎಂದು ಲೊಂಗ್ವೆಯ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಕುಲುಕಿದರು. "ಕಟೋಮದ ದೂರು ಇವತ್ತಿಗೆ ಮುಗೀತು. ಇನ್ನು ಮೇಲೆ ಯಾರೂ ಬರೋದು ಬೇಡ."

ಮುಖ್ಯಸ್ಥರು ಕೋಲೂರಿ ಎದ್ದರು. "ಸಾಹೇಬ್ರೇ, ಲೊಂಗ್ವೆ ಒಬ್ಬನಿಗೆ ಮಾತಾಡುತ್ತೆ, ಬೇರೆ ಯಾರಿಗೂ ಮಾತಾಡಲ್ಲ. ಇದ್ಯಾವ ಸರಿ?"

"ಬಳಸೋಕೆ ಬರಬೇಕಲ್ಲ ತಾತ!" ಎಂದು ನಗುತ್ತ ಚುಂಗಾ ಸಾಹೇಬರು ಹಗ್ಗ ಬಿಚ್ಚಿ ಗೂಡಿನೊಳಗೆ ಹೋದರು. ರಿಸೀವರು ಎತ್ತಿದರು. ಅವರ ಮುಖದ ಮೇಲೆ ಒಂದು ಗಳಿಗೆ ಏನೋ ಹಾದುಹೋಯಿತು. ಅದನ್ನು ಕಂಡವನು ಲೊಂಗ್ವೆ ಒಬ್ಬನೇ. ಏಕೆಂದರೆ ಅದು ಅವನ ಮುಖದ ಮೇಲೂ ಹಾದುಹೋಗಿತ್ತು.

ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಹಲೋ! ನಿರ್ದೇಶಕರಾ? ನಮಸ್ಕಾರ ಸಾರ್! ಕಟೋಮದಿಂದಲೇ ಸಾರ್. ಎಷ್ಟು ಸ್ಪಷ್ಟವಾಗಿ ಕೇಳಿಸ್ತಿದೆ ಸಾರ್! ಪಕ್ಕದಲ್ಲೇ ಕೂತ ಹಾಗಿದೆ. ಹೆ ಹೆ... ಮಕ್ಕಳೆಲ್ಲ ಚೆನ್ನಾಗಿದಾರಾ ಸಾರ್?"

ಜನ ಬೆರಗಾಗಿ ನೋಡಿದರು. ಲೊಂಗ್ವೆಗೆ ಮಾತ್ರ ಅಂಗಾಲಿನಿಂದ ನೆತ್ತಿಗೆ ರಕ್ತ ಏರಿತು. ಅದೇ ಕೆಮ್ಮು! ಅದೇ ಹೆ ಹೆ! ಆಚೆಯವನು ಉತ್ತರ ಕೊಡಲು ಒಂದು ಉಸಿರು ಬಿಡುವು ಕೊಡಬೇಕೆಂಬ ಪರಿಜ್ಞಾನ ಕೂಡ ಇಲ್ಲ! ತಾನು ಸುಳ್ಳು ಹೇಳಿದ್ದು ಇಟ್ಟಿಗೆ ತಪ್ಪಿಸಿಕೊಳ್ಳಲು, ಬಡವ, ಪಿಂಚಣಿಯವನು. ಈ ಮನುಷ್ಯ ಫೋನು ಸರಿಯಿಡುವುದಕ್ಕೇ ಸಂಬಳ ತೆಗೆದುಕೊಳ್ಳುವವನು, ಊರಿನ ಮುದ್ದೆ ತಿಂದು ಕೈ ತೊಳೆದ ಒದ್ದೆ ಆರುವ ಮುಂಚೆ, ಊರಿನ ಕಣ್ಣೆದುರಿಗೇ! ಸುಳ್ಳುಗಾರನಿಗೆ ಇನ್ನೊಬ್ಬನ ಸುಳ್ಳು ಕಂಡಾಗ ಬರುವಷ್ಟು ಸಿಟ್ಟು ಸತ್ಯವಂತರಿಗೆ ಎಂದೂ ಬರುವುದಿಲ್ಲ.

"ಸುಳ್ಳು!" ಎಂದು ಕಿರುಚಿದ. "ಶುದ್ಧ ಸುಳ್ಳು! ಆ ಕಡೆ ಯಾರೂ ಇಲ್ಲ! ಅದು ಸತ್ತಿದೆ!"

ಚುಂಗಾ ಸಾಹೇಬರು ರಿಸೀವರಿನ ಬಾಯಿಗೆ ಕೈ ಅಡ್ಡ ಹಿಡಿದರು. "ಮೆಲ್ಲಗೆ! ನಿರ್ದೇಶಕರು ಲೈನಿನಲ್ಲಿದಾರೆ!"

"ಯಾವ ನಿರ್ದೇಶಕನೂ ಇಲ್ಲ! ಆಚೆಯೋನು ಮಾತಾಡೋವಾಗ ನಡುನಡುವೆ 'ಹೂಂ' ಅನ್ಬೇಕು ಸ್ವಾಮಿ, ಅಷ್ಟೂ ಗೊತ್ತಿಲ್ಲ ನಿಮಗೆ! ನಾನು ಇದಕ್ಕಿಂತ ಚೆನ್ನಾಗಿ ಮಾಡಿದ್ದೆ!"

ತಾನು ಏನು ಹೇಳಿದೆನೆಂದು ಎಲ್ಲರಿಗಿಂತ ಕೊನೆಗೆ ತಿಳಿದದ್ದು ಲೊಂಗ್ವೆಗೆ. ಯೋತಮ್ ಹಿರಿಯರು ಟೊಪ್ಪಿಯನ್ನು ನಿಧಾನವಾಗಿ ತಲೆಗೆ ಹಾಕಿಕೊಂಡರು.

"ಮಂತ್ರಿಗಳ ಮಂಡಿನೋವು?" ಎಂದು ಕೇಳಿದರು.

"ಮಂತ್ರಿಗಳಿಗೆ ಮಂಡಿ ಇದೆಯೋ ಇಲ್ವೋ ನಂಗೊತ್ತಿಲ್ಲ ಹಿರಿಯರೇ," ಎಂದ ಲೊಂಗ್ವೆ. "ನನ್ನ ಬೆನ್ನಿಗೂ ಏನೂ ಆಗಿಲ್ಲ."

ಗುಂಪು ಎರಡಾಗಿ ಸೀಳಿ ದಾರಿ ಬಿಟ್ಟಿತು. ನ್ಯಾಗೊಂಡ್ವೆ ಬಂದಳು. ಅವಳು ಕೂಗಿಕೊಂಡಿದ್ದರೆ, ಮುಖಕ್ಕೆ ಉಗಿದಿದ್ದರೆ ಲೊಂಗ್ವೆಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಬೆನ್ನಿನ ಮಗುವನ್ನು ಬಿಚ್ಚಿ ಎಸ್ನಾತಿಯ ಕೈಗೆ ಕೊಟ್ಟಳು.

"ಹಾಗಾದ್ರೆ ಬ್ರೈಟ್ಸನ್?"

ಲೊಂಗ್ವೆ ತಲೆ ತಗ್ಗಿಸಿದ. "ನಾನೇ ಹೇಳಿದ್ದು ತಂಗಿ. ಎಲ್ಲಾ ನಾನೇ."

ನ್ಯಾಗೊಂಡ್ವೆ ಕಣ್ಣೊರೆಸಿಕೊಂಡು ಚುಂಗಾ ಸಾಹೇಬರ ಕಡೆ ನೋಡಿದಳು. ಸಾಹೇಬರು ಸದ್ದಿಲ್ಲದೆ ಗೂಡಿನಿಂದ ಜಾರಿ ಜೀಪಿನತ್ತ ನಡೆಯುತ್ತಿದ್ದರು.

"ನಿನ್ನ ಜತೆ ಆಮೇಲೆ ಮಾತಾಡ್ತೀನಿ ಲೊಂಗ್ವೆ ಅಣ್ಣ. ನೀನು ಇಲ್ಲೇ ಇರೋನು, ಎಲ್ಲಿಗೆ ಹೋಗ್ತೀಯ. ಇವರು ಹೊರಟುಹೋಗ್ತಾರೆ!"

ಹಾಗೆಂದವಳೇ ಓಡಿ, ಜೀಪಿನ ಮುಂದಿನ ಚಕ್ರದ ಎದುರಿಗೆ ಕಾಲು ನೀಡಿ ಕೂತಳು. ಮೀನಿನವಳು ಹಿಂದಿನ ಚಕ್ರಕ್ಕೆ ಕೂತಳು. ನೋಡುನೋಡುತ್ತಿದ್ದಂತೆ ಊರಿನ ಹೆಂಗಸರೆಲ್ಲ ಉಡುಪಿನ ಮೇಲೆ ಸೊಂಟಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ಹಾಸಿಕೊಂಡು ಜೀಪನ್ನು ಸುತ್ತುವರಿದು ಕೂತುಬಿಟ್ಟರು. ಒಬ್ಬಳು ಕಡಲೆಕಾಯಿ ಸುಲಿಯತೊಡಗಿದಳು. ಇನ್ನೊಬ್ಬಳು ಹಿಟ್ಟು ಕುಟ್ಟುವ ಹಾಡಿನ ಧಾಟಿಗೆ 'ಫೋನು ಸರಿಯಿದೆ, ಸಾಹೇಬನ ಮನಸು ಕೆಟ್ಟಿದೆ' ಎಂದು ಕಟ್ಟಿ ಹಾಡಿದಳು. ಉಳಿದವರು ಸೊಲ್ಲು ಹಿಡಿದರು.

"ಏಳ್ರೀ! ಇದು ಸರ್ಕಾರಿ ವಾಹನ!" ಎಂದು ಸಾಹೇಬರು ಅಬ್ಬರಿಸಿದರು. "ಪೊಲೀಸರನ್ನ ಕರೆಸ್ತೀನಿ!"

"ಕರೆಸಿ ಸಾಹೇಬ್ರೇ," ಎಂದಳು ನ್ಯಾಗೊಂಡ್ವೆ. "ಅಲ್ಲೇ ಇದೆಯಲ್ಲ ಫೋನು. ಎಷ್ಟು ಸ್ಪಷ್ಟವಾಗಿ ಕೇಳಿಸುತ್ತೆ!"

ಸಾಹೇಬರು ಫೋನಿನ ಕಡೆ ನೋಡಿದರು. ಜೀಪಿನ ಕಡೆ ನೋಡಿದರು. ಅವರ ಡ್ರೈವರು ಆಗಲೇ ಕಡಲೆಕಾಯಿ ಸುಲಿಯಲು ಕೂತಿದ್ದ.

ಸೂರ್ಯ ನೆತ್ತಿ ದಾಟುವ ಹೊತ್ತಿಗೆ ಸಾಹೇಬರು ಮೆತ್ತಗಾದರು. ಲುಸಂಗಾದಿಂದ ಲೈನಿನ ಕೆಲಸಗಾರರನ್ನು ಕಳಿಸುವಂತೆ ಯಾರಾದರೂ ಹೋಗಿ ಹೇಳಲಿ ಎಂದರು. ಯಾರು ಹೋಗುವುದು? ಇಡೀ ಊರು ಒಬ್ಬನ ಕಡೆ ನೋಡಿತು.

"ಗುಡ್ಡ ಕಡಿದಾಗಿದೆ," ಎಂದ ಲೊಂಗ್ವೆ ಕ್ಷೀಣವಾಗಿ.

"ಬೆನ್ನಿಗೆ ಸೈಕಲ್ ತುಂಬಾ ಒಳ್ಳೇದು," ಎಂದು ಯೋತಮ್ ಹಿರಿಯರು ತಮ್ಮ ಸೈಕಲ್ ತಂದುಕೊಟ್ಟರು. ಪ್ರಾರ್ಥನೆ ಮಾತ್ರ ಮಾಡಲಿಲ್ಲ.

ಅರ್ಧ ದಾರಿ ತುಳಿದು, ಅರ್ಧ ದಾರಿ ಸೈಕಲನ್ನು ತಳ್ಳಿ, ಮೊದಲ ಬಾರಿಗೆ ಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಲೊಂಗ್ವೆ ಟೆಲಿಫೋನ್ ಕಚೇರಿ ಮುಟ್ಟಿದ. ಅಲ್ಲೊಬ್ಬ ಗುಮಾಸ್ತ ಚಹಾ ಆರಿಸುತ್ತ ಕೂತಿದ್ದ.

"ಕಟೋಮದಿಂದ ಬಂದಿದೀನಿ. ಚುಂಗಾ ಸಾಹೇಬ್ರು ಹೇಳಿ ಕಳಿಸಿದಾರೆ. ಲೈನಿನೋರು ಕೂಡಲೇ ಬರಬೇಕಂತೆ. ಫೋನು ಕೆಟ್ಟಿದೆ."

"ಕಟೋಮದ್ದಾ?" ಗುಮಾಸ್ತ ಚಹಾ ಹೀರಿದ. "ಅದು ಸರಿಯಿದೆಯಲ್ರೀ. ಇವತ್ತು ಬೆಳಿಗ್ಗೆ ಸಾಹೇಬ್ರೇ ಹೇಳಿ ಹೋದ್ರು. ಬೇಕಾದ್ರೆ ಅಲ್ಲಿಂದ ಅವರೇ ಒಂದು ಫೋನ್ ಮಾಡ್ಲಿ."

ಲೊಂಗ್ವೆ ಜೀವನವಿಡೀ ಕಚೇರಿಯವರ ಕಡೆ ಕೂತಿದ್ದವನು. ದೂರು ತಂದವರ ಜಾಗದಲ್ಲಿ ನಿಂತಾಗ ಈ ಮಾತು ಹೇಗೆ ಕೇಳಿಸುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಸಹಾಯಕ್ಕೆ ಬಂದದ್ದು ಅವನ ಹಳೆಯ ಗುಮಾಸ್ತಬುದ್ಧಿ. ಸಾಹೇಬನ ಮಾತಿಗೆ ಕದಲದ ಕಚೇರಿ ಯಾರ ಮಾತಿಗೆ ಕದಲುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು?

"ಆಗ್ಲಿ," ಎಂದ. "ಸಾಹೇಬ್ರ ಮನೆ ಎಲ್ಲಿ? ಅಮ್ಮಾವ್ರಿಗೆ ಒಂದು ಮಾತು ತಿಳಿಸಿ ಹೋಗ್ತೀನಿ."

"ಏನಂತ?"

"ಸಾಹೇಬ್ರು ಇವತ್ತು ಬರಲ್ಲ, ನಾಳೇನೂ ಹೇಳೋಕಾಗಲ್ಲ ಅಂತ. ಕಟೋಮದಲ್ಲಿ ಹೆಂಗಸರ ನಡುವೆ ಕೂತಿದಾರೆ. ಎಲ್ರೂ ಗಂಡಂದಿರು ದೂರದಲ್ಲಿರೋರು. ಹಾಡು ಹೇಳ್ತಿದಾರೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ."

ಗುಮಾಸ್ತನ ಚಹಾ ಚೆಲ್ಲಿತು. ಅಮ್ಮಾವ್ರ ಮನೆ ಕಚೇರಿಯ ಹಿತ್ತಲಿಗೇ ಅಂಟಿಕೊಂಡಿತ್ತು. ಸ್ವಲ್ಪ ಹೊತ್ತಿಗೆಲ್ಲ ಏಣಿ, ತಂತಿ, ಕೆಲಸಗಾರರನ್ನು ಹೇರಿಕೊಂಡು ಲಾರಿ ಹೊರಟಿತು. ಮುಂದಿನ ಸೀಟಿನಲ್ಲಿ ಡ್ರೈವರಿನ ಪಕ್ಕ ಶ್ರೀಮತಿ ಚುಂಗಾ, ಕೈಚೀಲವನ್ನು ಗದೆಯ ಹಾಗೆ ಹಿಡಿದುಕೊಂಡು ಕೂತಿದ್ದರು. ಕಟೋಮದಲ್ಲಿ ಇಳಿದವರೇ, ಸೊಲ್ಲು ಹಾಡುತ್ತಿದ್ದ ಹೆಂಗಸರ ನಡುವೆ ಕುಗ್ಗಿ ಕೂತಿದ್ದ ಗಂಡನನ್ನು ಕಂಡರು. ಕಥೆಯನ್ನು ನ್ಯಾಗೊಂಡ್ವೆಯ ಬಾಯಿಂದ ಕೇಳಿದರು. ಕೇಳಿ, ಗಂಡನಿಗೆ ಒಂದೂ ಮಾತು ಹೇಳದೆ, ತಾವೂ ಸೊಂಟದ ಬಟ್ಟೆ ಹಾಸಿ ಚಕ್ರದ ಎದುರಿಗೆ ಕೂತರು.

ಕಾ‍ರಣ ಪತ್ತೆಯಾಯಿತು. ಹಳ್ಳದ ಆಚೆಯ ಪೊದೆಯಲ್ಲಿ ಒಂದು ಕಂಬ ಮಳೆಗೆ ಮಕಾಡೆ ಬಿದ್ದಿತ್ತು. ಒಂದೇ ಒಂದು ಕಂಬ. ಅದನ್ನು ಎತ್ತಿ ನಿಲ್ಲಿಸಿ ತಂತಿ ಬೆಸೆಯಲು ಎರಡು ತಾಸೂ ಹಿಡಿಯಲಿಲ್ಲ. ಇಷ್ಟಕ್ಕಾಗಿ ಒಂದು ವರ್ಷ ಊರಿನ ಹೆಂಗಸರು ಗಂಡ ಸತ್ತನೋ ಇದ್ದಾನೋ ತಿಳಿಯದೆ ಇದ್ದರು! ಫೋನಿನೊಳಗೆ ಜೇನು ಗುಂಯ್‌ಗುಟ್ಟಿದಂಥ ಸದ್ದು ಬಂದಾಗ ಮುಖ್ಯಸ್ಥರು ಕೇಕೆ ಹಾಕಲಿಲ್ಲ, ಅತ್ತರು. ಶನಿವಾರ ಹೆಂಗಸರು ನಾಣ್ಯ ಹಾಕಿ ಜೋಹಾನ್ಸ್‌ಬರ್ಗಿನ ಗಣಿಯ ಹಾಸ್ಟೆಲಿನ ಕಾವಲುಗಾರನನ್ನು ಹಿಡಿದು, ಕಟೋಮದವರೆಲ್ಲ ನಾಳೆ ಫೋನು ಮಾಡಬೇಕೆಂದು ಹೇಳಿದರು. ಬ್ರೈಟ್ಸನ್ ಎಂಬುವನು ಅಲ್ಲಿದ್ದಾನೆಯೇ ಎಂದು ಕೇಳುವ ಮೊದಲೇ ನಾಣ್ಯ ಮುಗಿಯಿತು.

ಭಾನುವಾರ ಆ ಮರದಡಿ ಇರುವೆಗೂ ಜಾಗವಿರಲಿಲ್ಲ. ಲೊಂಗ್ವೆ ಗೂಡಿನ ಹತ್ತಿರ ಸುಳಿಯಕೂಡದೆಂದು ಹೆಂಗಸರ ಆಜ್ಞೆಯಾಗಿತ್ತು. ಬೆಳಗಿನಿಂದ ಇಟ್ಟಿಗೆ ಹೊತ್ತು ನಿಜವಾಗಿಯೂ ಬೆನ್ನು ನೋಯುತ್ತಿದ್ದ ಅವನು ದೂರದ ಚರ್ಚಿನ ಗೋಡೆಗೆ ಒರಗಿ ನಿಂತಿದ್ದ. ಫೋನು ಗಂಟೆ ಹೊಡೆಯಿತು. ನ್ಯಾಗೊಂಡ್ವೆ ಹಾರಿ ಎತ್ತಿಕೊಂಡಳು.

"ಹಲೋ! ನಾನು ಚುಂಗಾ," ಎಂದಿತು ಆಚೆಯ ದನಿ. "ಫೋನು ಸರಿಯಿದೆಯಾ ಅಂತ ಕೇಳೋಕೆ ಮಾಡ್ದೆ."

"ಇಲ್ಲ ಸಾಹೇಬ್ರೇ, ಕೆಟ್ಟಿದೆ!" ಎಂದು ಕಿರುಚಿ ಅವಳು ರಿಸೀವರು ಕುಕ್ಕಿದಳು. "ಲೈನು ಹಿಡ್ಕೊಂಡು ಸಾಯ್ತಾನೆ, ಪಾಪಿ!"

ಮತ್ತೆ ಗಂಟೆ ಹೊಡೆಯಿತು. ಈ ಸಲ ಅವಳು ಮೆಲ್ಲಗೆ ಎತ್ತಿದಳು. ಕೇಳಿಸಿಕೊಂಡಳು. ಇನ್ನೊಂದು ಕೈಯಿಂದ ಗೂಡಿನ ಗೋಡೆ ಹಿಡಿದುಕೊಂಡಳು.

"ನೀನಾ?" ಎಂದಳು. ಆಮೇಲೆ, "ನಿನ್ನ ಬಾಯಿಗೆ ಮಣ್ಣು ಹಾಕ! ಒಂದು ಮಳೆಗಾಲ! ಒಂದು ಕಾಗದ ಹಾಕೋಕೆ ಏನು ಬಂದಿತ್ತು ನಿಂಗೆ? ಕೈ ಮುರಿದಿತ್ತಾ? ಏನು? ನಿಜವಾಗ್ಲೂ ಮುರಿದಿತ್ತಾ?... ಈಗ ಹೇಗಿದೆ?"

ಅವಳು ಬೈದಳು, ಅತ್ತಳು, ಮತ್ತೆ ಬೈದಳು. ಮಗುವಿನ ಬಾಯಿಗೆ ರಿಸೀವರು ಒತ್ತಿ ಅದು ಅಳುವವರೆಗೂ ಬಿಡಲಿಲ್ಲ. ಸಾಲಿನಲ್ಲಿದ್ದವರು ತಳ್ಳಾಡಿದರೂ ಜಗ್ಗಲಿಲ್ಲ. ಕೊನೆಗೆ ಹೊರಗೆ ಬಂದವಳು ಮೂಗೊರೆಸಿಕೊಳ್ಳುತ್ತ ನೇರವಾಗಿ ಚರ್ಚಿನ ಗೋಡೆಯ ಕಡೆ ನಡೆದಳು. ಲೊಂಗ್ವೆ ಗೋಡೆಯೊಳಗೇ ಹೊಕ್ಕುಬಿಡುವವನಂತೆ ಹಿಂದೆ ಸರಿದ.

"ಏನಂದ ತಂಗಿ?" ಎಂದು ಕೇಳಿದ, ಕೇಳಲು ಧೈರ್ಯವಿಲ್ಲದೆ.

"ಕ್ರಿಸ್ಮಸ್‌ಗೆ ಬರಕ್ಕಾಗಲ್ವಂತೆ. ಮುಂದಿನ ವರ್ಷ ನೋಡ್ತೀನಿ ಅಂದ."

ಲೊಂಗ್ವೆ ನೆಲ ನೋಡಿದ.

"ನೀನು ಹೇಳಿದ್ದೇ ಇದಕ್ಕಿಂತ ಚೆನ್ನಾಗಿತ್ತು ಲೊಂಗ್ವೆ ಅಣ್ಣ," ಎಂದಳು ನ್ಯಾಗೊಂಡ್ವೆ. "ಆದ್ರೆ ಇದು ಅವನೇ ಹೇಳಿದ್ದು."